ಛಲಬಿಡದ ವೈದ್ಯ ಜೂಡಾ ಫೋಕ್‌ಮನ್

ತರಕಾರಿ ಹೆಚ್ಚುವಾಗ ಈಳಿಗೆಮಣೆ ತಾಗಿ ಬೆರಳು ಕೊಯ್ದುಹೋಗುವುದುಂಟು. ರಕ್ತ ಸುರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಗಾಯ ಮಾಯ್ದು ಹೊಸ ಚರ್ಮ ಮೂಡುತ್ತದೆ. ಈ ಸಾಮಾನ್ಯ ಸಂಗತಿಯ ಹಿಂದೆ ಅಸಾಮಾನ್ಯವಾದ ಒಂದು ವ್ಯವಸ್ಥೆ ಅಡಗಿದೆ. ಕೊಯ್ದುಹೋದ ಜಾಗಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯಲು, ಕೂದಲೆಳೆಗಿಂತ ಸೂಕ್ಷ್ಮವಾದ ಹೊಸ ರಕ್ತನಾಳಗಳು ಅಕ್ಕಪಕ್ಕದ ನಾಳಗಳಿಂದ ಕವಲೊಡೆದು ಬರುತ್ತವೆ. ಗಾಯ ಮಾಯ್ದ ಮೇಲೆ ಅವುಗಳ ಬೆಳವಣಿಗೆ ತಾನಾಗಿಯೇ ನಿಲ್ಲುತ್ತದೆ. ಅವುಗಳಿಗೆ ಬೆಳೆಯಲು ಆಜ್ಞೆ ಕೊಟ್ಟವರಾರು? ಸಾಕೆಂದು ತಡೆದವರಾರು?

ನೋಡುವುದಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಅಮೆರಿಕದ ಒಬ್ಬ ಶಸ್ತ್ರವೈದ್ಯರು ತಮ್ಮ ಬಾಳಿನ ನಲವತ್ತಕ್ಕೂ ಹೆಚ್ಚು ವರ್ಷಗಳನ್ನು ಈ ಪ್ರಶ್ನೆಗಾಗಿ ಮುಡಿಪಾಗಿಟ್ಟರು. ಬಲ್ಲವರೆನಿಸಿಕೊಂಡವರು ನಕ್ಕರು; ಸಭೆಗಳಲ್ಲಿ ಅವರ ಮಾತು ಆರಂಭವಾದೊಡನೆ ಎದ್ದುಹೋದವರೂ ಇದ್ದರು. ಆದರೂ ಅವರು ಹಿಡಿದ ದಾರಿಯನ್ನು ಬಿಡಲಿಲ್ಲ. ಕೊನೆಗೆ ಅವರು ಕಂಡ ಸತ್ಯ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಹೊಸದೊಂದು ಅಧ್ಯಾಯವನ್ನು ತೆರೆಯಿತು. ಆ ಮಹನೀಯರೇ ಡಾ. ಜೂಡಾ ಫೋಕ್‌ಮನ್.

ಫೋಕ್‌ಮನ್‌ರು 1933ನೆಯ ಇಸವಿ ಫೆಬ್ರವರಿ 24ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಜನಿಸಿದರು. ತಂದೆ ಯೆಹೂದ್ಯರ ಧರ್ಮಗುರುಗಳು. ಅವರ ಸಮುದಾಯದಲ್ಲಿ ಧರ್ಮಗುರುವನ್ನು ರಬ್ಬಿ ಎಂದು ಕರೆಯುತ್ತಾರೆ. ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಹೋಗಿ ಕಂಡು ಅವರಿಗಾಗಿ ಪ್ರಾರ್ಥಿಸುವುದು ತಂದೆಯವರ ಕರ್ತವ್ಯಗಳಲ್ಲಿ ಒಂದಾಗಿತ್ತು. ಎಳೆಯ ಮಗನನ್ನೂ ಅವರು ಜೊತೆಯಲ್ಲಿ ಕರೆದೊಯ್ಯುತ್ತಿದ್ದರು.

ಆ ಕಾಲದಲ್ಲಿ ಉಸಿರಾಟಕ್ಕೆ ಕಷ್ಟಪಡುವ ರೋಗಿಗಳನ್ನು ಆಮ್ಲಜನಕ ತುಂಬಿದ ಗುಡಾರದಂತಹ ತೆರೆಯ ಒಳಗೆ ಮಲಗಿಸುತ್ತಿದ್ದರು. ತಂದೆ ಆ ತೆರೆಯ ಹೊರಗೆ ನಿಂತು ಪ್ರಾರ್ಥನೆ ಸಲ್ಲಿಸುತ್ತಿದ್ದರು. ವೈದ್ಯರು ಮಾತ್ರ ತೆರೆಯನ್ನು ಸರಿಸಿ ಒಳಗೆ ಕೈನೀಡಿ ರೋಗಿಗೆ ನೆರವಾಗುತ್ತಿದ್ದರು. ಬಾಲಕನ ಕಣ್ಣು ಈ ಭೇದವನ್ನು ಗಮನಿಸಿತು. ತಾನು ವೈದ್ಯನಾಗಬೇಕೆಂಬ ಬಯಕೆ ಅವನಲ್ಲಿ ಮೊಳೆಯಿತು. ಹಿರಿಯ ಮಗ ತಮ್ಮಂತೆಯೇ ಧರ್ಮಗುರುವಾಗುವನೆಂದು ತಂದೆ ಆಶಿಸಿದ್ದಿರಬಹುದು. ಆದರೆ ಮಗನ ಇಂಗಿತವನ್ನು ತಿಳಿದಾಗ ಅವರು ಮುನಿಯಲಿಲ್ಲ. ಧರ್ಮಗುರುವಿನ ಮನಸ್ಸುಳ್ಳ ವೈದ್ಯನಾಗು ಎಂದು ಹರಸಿದರು. ತಂದೆಯ ಆ ಮಾತನ್ನು ಮಗ ಕೊನೆಯವರೆಗೂ ಮರೆಯಲಿಲ್ಲ.

ವಿಜ್ಞಾನದಲ್ಲಿ ಫೋಕ್‌ಮನ್‌ರಿಗೆ ಬಾಲ್ಯದಿಂದಲೂ ಅಪಾರ ಆಸಕ್ತಿ. ಪ್ರೌಢಶಾಲೆಯಲ್ಲಿದ್ದಾಗಲೇ ಮನೆಯ ನೆಲಮಾಳಿಗೆಯನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ಇಲಿಯ ಹೃದಯವೊಂದು ದೇಹದ ಹೊರಗೂ ಬಡಿಯುತ್ತಿರುವಂತೆ ಮಾಡಲು ಉಪಕರಣವನ್ನು ಹೊಂದಿಸಿದ್ದರು. ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ರಾಬರ್ಟ್ ಜೋಲಿಂಜರ್ ಎಂಬ ಹೆಸರಾಂತ ಶಸ್ತ್ರವೈದ್ಯರ ಪ್ರಯೋಗಶಾಲೆಯಲ್ಲಿ ದುಡಿಯುವ ಅವಕಾಶ ದೊರೆಯಿತು. 1953ರಲ್ಲಿ ಪದವಿ ಪಡೆದು ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿ, 1957ರಲ್ಲಿ ಉನ್ನತ ಶ್ರೇಣಿಯಲ್ಲಿ ವೈದ್ಯ ಪದವಿಯನ್ನು ಪಡೆದರು. ಅನಂತರ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಗೆ ತೊಡಗಿದರು.

ತರಬೇತಿಯ ನಡುವೆಯೇ, 1960ರಲ್ಲಿ, ಅವರು ನೌಕಾಪಡೆಯ ಸೇವೆಗೆ ಹೋಗಬೇಕಾಯಿತು. ಮೇರಿಲೆಂಡ್ ರಾಜ್ಯದ ಬೆಥೆಸ್ಡದಲ್ಲಿದ್ದ ನೌಕಾಪಡೆಯ ವೈದ್ಯಕೀಯ ಕೇಂದ್ರದಲ್ಲಿ ಅವರಿಗೆ ಒಂದು ಕೆಲಸವನ್ನು ವಹಿಸಲಾಯಿತು. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತವನ್ನು ಕೆಡದಂತೆ ಕಾಪಾಡುವುದು ಕಷ್ಟ. ಆದುದರಿಂದ ರಕ್ತಕ್ಕೆ ಬದಲಾಗಿ ಬಳಸಬಹುದಾದ ದ್ರವವೊಂದನ್ನು ಕಂಡುಹಿಡಿಯಬೇಕಾಗಿತ್ತು. ಫೋಕ್‌ಮನ್‌ರೂ ಅವರ ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಅವರೂ ಕೂಡಿ ಅಂತಹ ದ್ರವವನ್ನು ಪರೀಕ್ಷಿಸಲು ಒಂದು ಏರ್ಪಾಡು ಮಾಡಿದರು. ಮೊಲದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿರಿಸಿ, ಅದರೊಳಗೆ ದ್ರವವನ್ನು ಹರಿಸಿ, ಗ್ರಂಥಿಯನ್ನು ಜೀವಂತವಾಗಿ ಉಳಿಸಿದರು. ಆ ಗ್ರಂಥಿಯಲ್ಲಿ ಹೊಸ ಜೀವಕೋಶಗಳು ಬೆಳೆಯಬಲ್ಲವೇ ಎಂಬುದನ್ನು ತಿಳಿಯಲು, ಬೇಗ ಬೆಳೆಯುವ ಗುಣವುಳ್ಳ ಕ್ಯಾನ್ಸರ್ ಕೋಶಗಳನ್ನು ಅದರೊಳಗೆ ಸೇರಿಸಿದರು.

ಕ್ಯಾನ್ಸರ್ ಕೋಶಗಳು ಬೆಳೆಯತೊಡಗಿದವು. ಆದರೆ ಒಂದೆರಡು ಮಿಲಿಮೀಟರ್‌ನಷ್ಟು, ಎಂದರೆ ಸಾಸಿವೆ ಕಾಳಿನಷ್ಟು ಗಾತ್ರಕ್ಕೆ ಬಂದೊಡನೆ ಗೆಡ್ಡೆಯ ಬೆಳವಣಿಗೆ ನಿಂತುಹೋಯಿತು. ಅವು ಸತ್ತಿರಬಹುದೆಂದು ತಿಳಿಯಲು ಅವಕಾಶವಿತ್ತು. ಆದರೆ ಅದೇ ಪುಟ್ಟ ಗೆಡ್ಡೆಗಳನ್ನು ತೆಗೆದು ಜೀವಂತ ಇಲಿಗಳ ದೇಹದಲ್ಲಿ ಇರಿಸಿದಾಗ ಅವು ಭರದಿಂದ ಬೆಳೆದು ದೊಡ್ಡವಾದವು. ಗಾಜಿನ ಪಾತ್ರೆಯಲ್ಲಿ ಇಲ್ಲದ್ದು ಇಲಿಯ ದೇಹದಲ್ಲಿ ಏನಿತ್ತು? ಫೋಕ್‌ಮನ್‌ರು ಸೂಕ್ಷ್ಮವಾಗಿ ನೋಡಿದರು. ಇಲಿಯ ದೇಹದಲ್ಲಿದ್ದ ಗೆಡ್ಡೆಯೊಳಕ್ಕೆ ಹೊಸ ರಕ್ತನಾಳಗಳು ನುಗ್ಗಿದ್ದವು. ಗಾಜಿನ ಪಾತ್ರೆಯಲ್ಲಿದ್ದ ಗೆಡ್ಡೆಗೆ ಅವು ಇರಲಿಲ್ಲ. ರಕ್ತದ ಬದಲಿ ದ್ರವವನ್ನು ಹುಡುಕಹೊರಟವರಿಗೆ ದೊರೆತದ್ದು ಬಾಳೆಲ್ಲ ಬೆನ್ನಟ್ಟಬೇಕಾದ ಒಂದು ಪ್ರಶ್ನೆ.

ಪ್ರಶ್ನೆಯ ಮಹತ್ವವನ್ನು ಅರಿಯಬೇಕಾದರೆ ನಮ್ಮ ದೇಹದ ಒಂದು ನಿಯಮವನ್ನು ತಿಳಿಯಬೇಕು. ದೇಹದ ಬಹುತೇಕ ಜೀವಕೋಶಗಳು ಆಮ್ಲಜನಕವನ್ನು ತಮ್ಮ ನೆರೆಯ ಲೋಮನಾಳದಿಂದ ಪಡೆಯುತ್ತವೆ. ಲೋಮನಾಳಗಳು ರಕ್ತನಾಳಗಳಲ್ಲೆಲ್ಲ ಅತಿ ಕಿರಿದಾದವು. ಅವುಗಳೊಳಗೆ ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ಸಾಗಬೇಕು. ಲೋಮನಾಳದಿಂದ ಹೊರಬಂದ ಆಮ್ಲಜನಕ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದೂರ ಸಾಗಲಾರದು. ಕಾಲುವೆಯಿಂದ ದೂರ ಉಳಿದ ಗದ್ದೆ ಒಣಗುವಂತೆ, ಲೋಮನಾಳದಿಂದ ದೂರ ಉಳಿದ ಕೋಶ ಸಾಯುತ್ತದೆ. ಕ್ಯಾನ್ಸರ್ ಗೆಡ್ಡೆಗೂ ಈ ನಿಯಮ ತಪ್ಪಿದ್ದಲ್ಲ. ತನ್ನದೇ ಆದ ರಕ್ತನಾಳಗಳನ್ನು ಪಡೆಯದೆ ಅದು ಸಾಸಿವೆ ಕಾಳಿನ ಗಾತ್ರವನ್ನು ಮೀರಲಾರದು.

1967ರಲ್ಲಿ ಫೋಕ್‌ಮನ್‌ರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಕೇವಲ 34 ವರ್ಷ. ಹಗಲೆಲ್ಲ ಎಳೆಯ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ದುಡಿಯುತ್ತ ಅವರು ತಮ್ಮ ಪ್ರಶ್ನೆಯನ್ನು ಜೀವಂತವಾಗಿ ಉಳಿಸಿಕೊಂಡರು. ಶಸ್ತ್ರವೈದ್ಯರಾಗಿದ್ದುದು ಅವರಿಗೆ ಒಂದು ಅನುಕೂಲವನ್ನು ಒದಗಿಸಿತು. ದೇಹದಿಂದ ತೆಗೆದ ಗೆಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಅದು ಬಿಳಿಚಿಕೊಂಡ ಮಾಂಸದ ತುಣುಕು. ಆದರೆ ಅದೇ ಗೆಡ್ಡೆಯನ್ನು ರೋಗಿಯ ದೇಹದಲ್ಲಿ ಕೈಯಿಂದ ಮುಟ್ಟಿದ ಶಸ್ತ್ರವೈದ್ಯನಿಗೆ ಅದು ಬಿಸಿಯಾಗಿ, ಕೆಂಪಾಗಿ, ಸ್ವಲ್ಪ ತಾಗಿದರೂ ರಕ್ತ ಸುರಿಸುವಂತೆ ಕಾಣುತ್ತಿತ್ತು.

1971ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಫೋಕ್‌ಮನ್‌ರು ತಮ್ಮ ವಾದವನ್ನು ಮಂಡಿಸಿದರು. ಕ್ಯಾನ್ಸರ್ ಗೆಡ್ಡೆ ತನ್ನ ಸುತ್ತಲಿನ ರಕ್ತನಾಳಗಳಿಗೆ ಒಂದು ರಾಸಾಯನಿಕ ಸಂಕೇತವನ್ನು ಕಳುಹಿಸುತ್ತದೆ. ಆ ಸಂಕೇತವನ್ನು ಪಡೆದ ನಾಳಗಳು ಕವಲೊಡೆದು ಗೆಡ್ಡೆಯ ಕಡೆಗೆ ಬೆಳೆಯುತ್ತವೆ. ಆ ಸಂಕೇತವನ್ನು ತಡೆದರೆ ಗೆಡ್ಡೆ ಬೆಳೆಯಲಾರದು. ಇದು ಅವರ ವಾದದ ಸಾರ. ಗೆಡ್ಡೆಯ ಸುತ್ತ ರಕ್ತನಾಳಗಳು ಬೆಳೆಯುವುದನ್ನು ಹಿಂದೆಯೂ ಕೆಲವರು ಕಂಡಿದ್ದರು. ಆದರೆ ಅದನ್ನು ತಡೆಯುವುದೇ ಚಿಕಿತ್ಸೆಯಾಗಬಹುದೆಂದು ಅವರಷ್ಟು ಸ್ಪಷ್ಟವಾಗಿ ಸಾರಿದವರು ಇರಲಿಲ್ಲ.

ಈ ವಾದವನ್ನು ಒಪ್ಪಲು ವಿದ್ವಾಂಸರು ಸಿದ್ಧರಿರಲಿಲ್ಲ. ಗೆಡ್ಡೆಯಲ್ಲಿ ಕಾಣುವ ರಕ್ತನಾಳಗಳು ಕೇವಲ ಉರಿಯೂತದ ಫಲವೆಂದು ಹಲವರು ನಂಬಿದ್ದರು. ಹಳೆಯ ನಾಳಗಳೇ ಹಿಗ್ಗಿರುವುವೆಂದು ಇನ್ನು ಕೆಲವರು ಹೇಳಿದರು. ಶಸ್ತ್ರವೈದ್ಯನಿಗೆ ಪ್ರಯೋಗಶಾಲೆಯ ಗೊಡವೆ ಏಕೆಂದು ಆಡಿಕೊಂಡವರೂ ಉಂಟು. ಸಂಶೋಧನೆಗೆ ಹಣ ಬೇಡಿ ಬರೆದ ಅರ್ಜಿಗಳು ಹಲವು ಬಾರಿ ತಿರಸ್ಕೃತವಾದವು. ಫೋಕ್‌ಮನ್‌ರಿಗೂ ನೋವಾಗುತ್ತಿತ್ತು. ಆದರೆ ಟೀಕೆಗೆ ಟೀಕೆಯಿಂದ ಉತ್ತರ ಕೊಡುವುದು ಅವರ ಸ್ವಭಾವವಾಗಿರಲಿಲ್ಲ. ಟೀಕಾಕಾರರ ಆಕ್ಷೇಪಣೆಗಳಲ್ಲಿ ನ್ಯಾಯವಾದುದು ಯಾವುದೆಂದು ಹುಡುಕಿ, ಅದಕ್ಕೆ ಪ್ರಯೋಗದಿಂದಲೇ ಉತ್ತರ ಕೊಡಲು ಅವರು ನಿಶ್ಚಯಿಸಿದರು.

ಅಂತಹ ಪ್ರಯೋಗಗಳಲ್ಲಿ ಮೊಲದ ಕಣ್ಣನ್ನು ಬಳಸಿದ ಪ್ರಯೋಗ ಮುಖ್ಯವಾದುದು. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವಿದೆ, ಅದರಲ್ಲಿ ರಕ್ತನಾಳಗಳಿಲ್ಲ. ಆ ದ್ರವದಲ್ಲಿ ತೇಲಿಬಿಟ್ಟ ಗೆಡ್ಡೆಯ ತುಣುಕು ಜೀವದಿಂದ ಇದ್ದರೂ ಪುಟ್ಟದಾಗಿಯೇ ಉಳಿಯಿತು. ಅದೇ ತುಣುಕನ್ನು ರಕ್ತನಾಳಗಳಿರುವ ಕಣ್ಣಿನ ವರ್ಣಪಟಲದ ಸಮೀಪಕ್ಕೆ ತಂದಾಗ ನಾಳಗಳು ಕವಲೊಡೆದು ಅದರೊಳಕ್ಕೆ ನುಗ್ಗಿದವು. ಗೆಡ್ಡೆ ದಿನದಿನಕ್ಕೆ ಉಬ್ಬಿತು. ಅಡ್ಡ ಬಂದ ಸಂಶಯಗಳನ್ನು ಹೀಗೆ ಒಂದೊಂದಾಗಿ ನಿವಾರಿಸುತ್ತ ಹೋಗಲು ವರ್ಷಗಳೇ ಹಿಡಿದವು. ಲೋಮನಾಳದ ಒಳಪದರದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಅವರ ಪ್ರಯೋಗಶಾಲೆ 1979ರಲ್ಲಿ ಪ್ರಕಟಿಸಿತು. ಸಂಕೇತವಾಗಿ ಕೆಲಸಮಾಡುವ ವಸ್ತುವನ್ನು ಪರೀಕ್ಷಿಸಲು ಇದರಿಂದ ಸಾಧ್ಯವಾಯಿತು.

ಒಬ್ಬನೇ ಮಾಡಲಾಗದ ಕೆಲಸವಿದು. ಫೋಕ್‌ಮನ್‌ರು ಬೇರೆ ಬೇರೆ ಶಾಸ್ತ್ರಗಳನ್ನು ಕಲಿತ ಯುವಕರನ್ನು ತಮ್ಮ ಪ್ರಯೋಗಶಾಲೆಗೆ ಆಹ್ವಾನಿಸಿದರು. ಅವರಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿದ ರಾಬರ್ಟ್ ಲ್ಯಾಂಗರ್ ಒಬ್ಬರು. ಮೃದ್ವಸ್ಥಿಯಲ್ಲಿ ರಕ್ತನಾಳಗಳು ಇರುವುದಿಲ್ಲ; ಆದುದರಿಂದ ನಾಳಗಳನ್ನು ತಡೆಯುವ ವಸ್ತು ಅದರಲ್ಲಿರಬೇಕೆಂದು ಊಹಿಸಿ, ಕಸಾಯಿಖಾನೆಯಿಂದ ತಂದ ದನದ ಮೂಳೆಗಳಿಂದ ಆ ವಸ್ತುವನ್ನು ಬೇರ್ಪಡಿಸಲು ಲ್ಯಾಂಗರ್ ಶ್ರಮಿಸಿದರು. ಔಷಧವನ್ನು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬಿಡುವ ಪ್ಲಾಸ್ಟಿಕ್ಕಿನಂತಹ ವಸ್ತುವನ್ನು ಇವರಿಬ್ಬರೂ 1976ರಲ್ಲಿ ರೂಪಿಸಿ ತೋರಿಸಿದರು.

1981ರಲ್ಲಿ ಫೋಕ್‌ಮನ್‌ರು ಮುಖ್ಯ ಶಸ್ತ್ರವೈದ್ಯರ ಹುದ್ದೆಯನ್ನು ತೊರೆದು ಸಂಶೋಧನೆಗೆ ಪೂರ್ಣವಾಗಿ ತೊಡಗಿದರು. ಸುಪ್ರಸಿದ್ಧ ಆಸ್ಪತ್ರೆಯ ಉನ್ನತ ಪದವಿಯನ್ನು ಬಿಟ್ಟು, ಹಲವರು ಹಗಲುಗನಸೆಂದು ಬಗೆದ ಹಾದಿಯನ್ನು ಹಿಡಿಯಲು ಧೈರ್ಯ ಬೇಕು. ಎಂತಹ ತ್ಯಾಗವನ್ನು ಮಾಡಿದರೂ ಫಲ ದೊರೆಯುವುದೆಂಬ ಭರವಸೆ ಇರಲಿಲ್ಲ.

ಆದರೆ ಫಲ ಬಂತು. ಅವರ ಸಹೋದ್ಯೋಗಿಗಳಾದ ಯುಯೆನ್ ಶಿಂಗ್ ಮತ್ತು ಮೈಕೆಲ್ ಕ್ಲಾಗ್ಸ್‌ಬ್ರನ್ ಅವರು ಗೆಡ್ಡೆಯಿಂದ ಲೋಮನಾಳದ ಕೋಶಗಳನ್ನು ವೃದ್ಧಿಗೊಳಿಸುವ ಪ್ರೋಟೀನೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1984ರಲ್ಲಿ ಈ ಸಂಗತಿ ಪ್ರಕಟವಾಯಿತು. ಹದಿಮೂರು ವರ್ಷಗಳ ಹಿಂದೆ ಫೋಕ್‌ಮನ್‌ರು ಊಹಿಸಿದ ಸಂಕೇತ ಕಟ್ಟುಕಥೆಯಲ್ಲವೆಂದು ಆಗ ಜಗತ್ತು ಕಂಡಿತು. ಬೇರೆ ಪ್ರಯೋಗಶಾಲೆಗಳಲ್ಲೂ ಇದೇ ಬಗೆಯ ಹುಡುಕಾಟ ನಡೆದಿತ್ತು. ರಕ್ತನಾಳಗಳಿಂದ ದ್ರವವನ್ನು ಸೋರಿಸುವ ಪ್ರೋಟೀನೊಂದನ್ನು ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ ಅವರ ತಂಡ 1983ರಲ್ಲಿ ಗುರುತಿಸಿತ್ತು. ನಾಳಗಳನ್ನು ಬೆಳೆಸುವ ಪ್ರೋಟೀನೊಂದನ್ನು ಕ್ಯಾಲಿಫೋರ್ನಿಯದಲ್ಲಿ ನೆಪೋಲಿಯೋನ್ ಫೆರಾರ ಅವರು 1989ರಲ್ಲಿ ವರ್ಣಿಸಿದರು. ಎರಡೂ ಒಂದೇ ಪ್ರೋಟೀನು ಎಂದು ತಿಳಿದುಬಂತು. ಅದನ್ನು ಇಂದು ವಿ.ಇ.ಜಿ.ಎಫ್. ಎಂಬ ಹೆಸರಿನಿಂದ ಕರೆಯುತ್ತಾರೆ.

ಈ ಸಂಕೇತಗಳ ಕೆಲಸ ಬಹು ಸ್ವಾರಸ್ಯವಾದುದು. ದೇಹದ ಯಾವುದಾದರೊಂದು ಭಾಗದ ಕೋಶಗಳಿಗೆ ಆಮ್ಲಜನಕ ಸಾಲದಾದಾಗ ಅವು ವಿ.ಇ.ಜಿ.ಎಫ್. ಪ್ರೋಟೀನನ್ನು ತಯಾರಿಸಿ ಹೊರಬಿಡುತ್ತವೆ. ಸಮೀಪದ ಲೋಮನಾಳದ ಒಳಪದರದ ಕೋಶಗಳ ಮೈಮೇಲೆ ಈ ಪ್ರೋಟೀನನ್ನು ಗುರುತಿಸುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿಕೈ ಹೊಂದಿಕೊಳ್ಳುವಂತೆ ಪ್ರೋಟೀನು ಗ್ರಾಹಕಕ್ಕೆ ಹೊಂದಿಕೊಂಡೊಡನೆ ಕೋಶ ಎಚ್ಚರಗೊಳ್ಳುತ್ತದೆ. ಒಂದು ಕೋಶ ಮುಂದಾಳಾಗಿ ಸಂಕೇತ ಬಂದ ದಿಕ್ಕಿಗೆ ಚಾಚುತ್ತದೆ; ಅದರ ಹಿಂದಿನ ಕೋಶಗಳು ಇಬ್ಭಾಗವಾಗುತ್ತ ಹಿಂಬಾಲಿಸುತ್ತವೆ. ಹೀಗೆ ಹೊಸ ನಾಳದ ಕುಡಿಯೊಡೆಯುತ್ತದೆ.

ಆದರೆ ಕುಡಿಯೊಡೆದ ಮಾತ್ರಕ್ಕೆ ನಾಳ ಗಟ್ಟಿಯಾಗುವುದಿಲ್ಲ. ಬಳ್ಳಿಗೆ ಆಸರೆಯ ಕೋಲು ಬೇಕಾಗುವಂತೆ, ಎಳೆಯ ನಾಳವನ್ನು ಹೊರಗಿನಿಂದ ತಬ್ಬಿ ನಿಲ್ಲುವ ಆಸರೆಕೋಶಗಳು ಬೇಕು. ಎಳೆಯ ನಾಳವೇ ಬೇರೊಂದು ಸಂಕೇತವನ್ನು ಕಳುಹಿಸಿ ಅವುಗಳನ್ನು ಬಳಿಗೆ ಕರೆಯುತ್ತದೆ. ಬಂದ ಆಸರೆಕೋಶಗಳು ಆಂಜಿಯೊಪೊಯಿಟಿನ್-1 ಎಂಬ ಪ್ರೋಟೀನನ್ನು ಒದಗಿಸಿ ನಾಳವನ್ನು ಸ್ಥಿರಗೊಳಿಸುತ್ತವೆ. ಇದರ ಜೊತೆಯ ಆಂಜಿಯೊಪೊಯಿಟಿನ್-2 ಎಂಬ ಪ್ರೋಟೀನು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಾಳದ ಹಿಡಿತವನ್ನು ಸಡಿಲಿಸುತ್ತದೆ. ಬೆಳೆಸುವ ಸಂಕೇತ, ತಡೆಯುವ ಸಂಕೇತ, ನೆಲೆಗೊಳಿಸುವ ಸಂಕೇತ, ಸಡಿಲಿಸುವ ಸಂಕೇತ ಇವುಗಳು ತಕ್ಕಡಿಯ ತಟ್ಟೆಗಳಂತೆ ಸಮತೂಕದಲ್ಲಿರುವವರೆಗೆ ದೇಹ ಕ್ಷೇಮ. ಬೆಳೆದ ಮನುಷ್ಯನ ರಕ್ತನಾಳಗಳ ಕೋಶಗಳು ವರ್ಷಗಟ್ಟಲೆ ಇಬ್ಭಾಗವಾಗದೆ ಶಾಂತವಾಗಿರುವುದು ಈ ಸಮತೂಕದಿಂದಲೇ. ಗಾಯ ಮಾಯುವಾಗ, ತಾಯಿಯ ಗರ್ಭದಲ್ಲಿ ಶಿಶು ಬೆಳೆಯುವಾಗ ತಕ್ಕಡಿ ಸ್ವಲ್ಪಕಾಲ ಬೆಳವಣಿಗೆಯ ಕಡೆಗೆ ವಾಲಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಕ್ಯಾನ್ಸರ್ ಗೆಡ್ಡೆ ಆ ತಕ್ಕಡಿಯನ್ನು ಬಲವಂತವಾಗಿ ವಾಲಿಸಿ ಹಿಡಿಯುತ್ತದೆ. ಅಲ್ಲಿ ಹುಟ್ಟುವ ನಾಳಗಳು ವಕ್ರವಾಗಿ, ಸೋರುತ್ತ, ಆಸರೆಯಿಲ್ಲದೆ ಬೆಳೆಯುತ್ತವೆ.

ಬೆಳೆಸುವ ಸಂಕೇತವಿದ್ದರೆ ತಡೆಯುವ ವಸ್ತುವೂ ಇರಬೇಕಲ್ಲವೆ? ಅದರ ಹುಡುಕಾಟದಲ್ಲಿ ಆಕಸ್ಮಿಕವೂ ನೆರವಾಯಿತು. ಒಮ್ಮೆ ಪ್ರಯೋಗಶಾಲೆಯ ತಟ್ಟೆಯೊಂದಕ್ಕೆ ಗಾಳಿಯಿಂದ ಬೂಷ್ಟು ಬಿದ್ದು ಬೆಳೆಯಿತು. ಇಂತಹ ಕೆಟ್ಟ ತಟ್ಟೆಯನ್ನು ಎಸೆದುಬಿಡುವುದು ವಾಡಿಕೆ. ಆದರೆ ಡೊನಾಲ್ಡ್ ಇಂಗ್ಬರ್ ಎಂಬ ಯುವ ಸಂಶೋಧಕರು ಅದನ್ನು ಎಸೆಯದೆ ಪರೀಕ್ಷಿಸಿದರು. ಬೂಷ್ಟಿನ ಸಮೀಪದ ನಾಳಕೋಶಗಳು ಹರಡುವುದನ್ನು ಬಿಟ್ಟು ದುಂಡಗಾಗಿದ್ದವು. ನಾಳಗಳನ್ನು ತಡೆಯುವ ಔಷಧವೊಂದಕ್ಕೆ ಅದು ದಾರಿ ತೋರಿತು. 1990ರಲ್ಲಿ ಅದರ ವಿವರ ಪ್ರಕಟವಾಯಿತು.

ಶಸ್ತ್ರವೈದ್ಯರು ಕಂಡು ಬೆರಗಾದ ಇನ್ನೊಂದು ಸಂಗತಿಯೂ ಇತ್ತು. ಕೆಲವು ರೋಗಿಗಳಲ್ಲಿ ದೊಡ್ಡ ಗೆಡ್ಡೆಯನ್ನು ತೆಗೆದ ಕೆಲವೇ ದಿನಗಳಲ್ಲಿ, ಅದುವರೆಗೆ ಅಡಗಿದ್ದ ಚಿಕ್ಕ ಗೆಡ್ಡೆಗಳು ಬೇರೆ ಕಡೆ ಬೆಳೆದುಬಿಡುತ್ತಿದ್ದವು. ದೊಡ್ಡ ಗೆಡ್ಡೆಯೇ ಚಿಕ್ಕವುಗಳನ್ನು ತಡೆಹಿಡಿದಿದ್ದ ವಸ್ತುವನ್ನು ರಕ್ತಕ್ಕೆ ಬಿಡುತ್ತಿದ್ದಿರಬೇಕೆಂದು ಫೋಕ್‌ಮನ್‌ರು ಊಹಿಸಿದರು. ಅದನ್ನು ಹುಡುಕುವ ಹೊಣೆಯನ್ನು ಮೈಕೆಲ್ ಒ'ರೈಲಿ ಎಂಬ ಯುವ ವೈದ್ಯರಿಗೆ ವಹಿಸಿದರು. ಒ'ರೈಲಿಯವರು ಇಲಿಗಳ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಹನಿಹನಿಯಾಗಿ ಶೋಧಿಸುವ ಬೇಸರದ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. 1994ರಲ್ಲಿ ಆಂಜಿಯೊಸ್ಟ್ಯಾಟಿನ್ ಎಂಬ ಪ್ರೋಟೀನು, 1997ರಲ್ಲಿ ಎಂಡೊಸ್ಟ್ಯಾಟಿನ್ ಎಂಬ ಇನ್ನೊಂದು ಪ್ರೋಟೀನು ಲೋಕಕ್ಕೆ ತಿಳಿದವು. ಇವುಗಳನ್ನು ಕೊಟ್ಟಾಗ ಇಲಿಗಳ ದೇಹದಲ್ಲಿನ ಗೆಡ್ಡೆಗಳು ಕುಗ್ಗಿದವು.

1998ರ ಮೇ ತಿಂಗಳಿನಲ್ಲಿ ಅಮೆರಿಕದ ಪ್ರಮುಖ ದಿನಪತ್ರಿಕೆಯೊಂದು ಈ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು. ಕ್ಯಾನ್ಸರ್ ರೋಗಕ್ಕೆ ಮದ್ದು ಸಿಕ್ಕೇಬಿಟ್ಟಿತೆಂದು ಜನ ನಂಬಿದರು. ಪ್ರಪಂಚದ ಎಲ್ಲೆಡೆಯಿಂದ ಪತ್ರಗಳೂ ದೂರವಾಣಿ ಕರೆಗಳೂ ಬಂದವು. ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಂಧುಗಳು ಔಷಧಕ್ಕಾಗಿ ಅಂಗಲಾಚಿದರು. ಆದರೆ ಔಷಧ ಇನ್ನೂ ಮನುಷ್ಯರಿಗೆ ಕೊಡುವ ಹಂತಕ್ಕೆ ಬಂದಿರಲಿಲ್ಲ. ವರ್ಷಗಟ್ಟಲೆ ಅವಮಾನವನ್ನು ಸಹಿಸಿದವರಿಗೆ ಇದು ಗೆಲುವಿನ ಗಳಿಗೆ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಮೆರೆಯುತ್ತಿದ್ದರೋ ಏನೋ. ಫೋಕ್‌ಮನ್‌ರು ಮೆರೆಯಲಿಲ್ಲ. ವಾಸಿಯಾಗಿರುವುದು ಇಲಿಗಳಿಗೆ ಮಾತ್ರ, ಮನುಷ್ಯರ ವಿಚಾರದಲ್ಲಿ ಇನ್ನೂ ಏನನ್ನೂ ಹೇಳಲಾಗದು ಎಂದು ಅವರು ಎಲ್ಲರಿಗೂ ತಿಳಿಯಹೇಳಿದರು. ಬಂದ ಕರೆಗಳಿಗೆ ಸಾಧ್ಯವಾದಷ್ಟು ತಾವೇ ಉತ್ತರಿಸಿ, ರೋಗಿಗಳಿಗೆ ಸಮಾಧಾನ ಹೇಳಿದರು. ಇಲ್ಲದ ಆಸೆಯನ್ನು ಹುಟ್ಟಿಸುವುದೂ ತಪ್ಪು, ಇರುವ ಆಸೆಯನ್ನು ಕೊಲ್ಲುವುದೂ ತಪ್ಪು ಎಂಬ ಎಚ್ಚರ ಅವರಲ್ಲಿತ್ತು. ಧರ್ಮಗುರುವಿನ ಮನಸ್ಸುಳ್ಳ ವೈದ್ಯನಾಗೆಂದು ತಂದೆ ಹರಸಿದ್ದು ಸಾರ್ಥಕವಾದದ್ದು ಇಂತಹ ಗಳಿಗೆಗಳಲ್ಲಿ.

ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು. ಇಲಿಗಳಲ್ಲಿ ಪವಾಡವನ್ನು ತೋರಿದ ಎಂಡೊಸ್ಟ್ಯಾಟಿನ್ ಮನುಷ್ಯರಲ್ಲಿ ಅದೇ ಫಲವನ್ನು ಕೊಡಲಿಲ್ಲ. ಆದರೆ ಅವರು ತೋರಿದ ಹಾದಿ ಮಾತ್ರ ಸುಳ್ಳಾಗಲಿಲ್ಲ. ವಿ.ಇ.ಜಿ.ಎಫ್. ಸಂಕೇತವನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ 2004ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ನೀಡಿತು. ದೇಹದಲ್ಲಿ ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇತರ ಔಷಧಗಳ ಜೊತೆಯಲ್ಲಿ ಇದನ್ನು ಕೊಟ್ಟಾಗ ರೋಗಿಗಳು ಹೆಚ್ಚು ತಿಂಗಳು ಬದುಕಿದರು. ಕ್ಯಾನ್ಸರ್ ಇದರಿಂದ ಬೇರುಸಹಿತ ಅಳಿಯಿತೆಂದು ಹೇಳುವಂತಿಲ್ಲ. ಒಂದು ಸಂಕೇತವನ್ನು ತಡೆದರೆ ಗೆಡ್ಡೆ ಎಷ್ಟೋ ಸಲ ಇನ್ನೊಂದು ಸಂಕೇತವನ್ನು ಹುಡುಕಿಕೊಳ್ಳುತ್ತದೆ. ಆದರೂ ರೋಗದೊಡನೆ ಹೋರಾಡಲು ವೈದ್ಯರ ಕೈಗೆ ಹೊಸ ಆಯುಧವೊಂದು ಬಂದಂತಾಯಿತು.

ಈ ಅರಿವಿನ ಪ್ರಯೋಜನ ಕ್ಯಾನ್ಸರ್ ರೋಗಿಗಳಿಗಷ್ಟೇ ಸೀಮಿತವಾಗಲಿಲ್ಲ. ಮುಪ್ಪಿನಲ್ಲಿ ಕೆಲವರ ಅಕ್ಷಿಪಟಲದ ಹಿಂದೆ ಬೇಡದ ರಕ್ತನಾಳಗಳು ಬೆಳೆದು, ಸೋರಿ, ದೃಷ್ಟಿಯನ್ನು ಕೆಡಿಸುತ್ತವೆ. ಸಕ್ಕರೆ ಕಾಯಿಲೆಯುಳ್ಳವರ ಕಣ್ಣಿನಲ್ಲೂ ಇಂತಹ ತೊಂದರೆಯುಂಟು. 2006ರಲ್ಲಿ ಒಪ್ಪಿಗೆ ಪಡೆದ ರಾನಿಬಿಜುಮ್ಯಾಬ್ ಎಂಬ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚುಮದ್ದಾಗಿ ಕೊಟ್ಟು ಈ ನಾಳಗಳನ್ನು ಹತೋಟಿಗೆ ತರಬಹುದಾಯಿತು. ಕುರುಡಾಗಬೇಕಾಗಿದ್ದ ಎಷ್ಟೋ ಹಿರಿಯರು ಮೊಮ್ಮಕ್ಕಳ ಮುಖವನ್ನು ಕಾಣುವಂತಾಯಿತು. ಇಂತಹ ಚಿಕಿತ್ಸೆ ಇಂದು ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳಲ್ಲೂ ದೊರೆಯುತ್ತದೆ.

ಮಕ್ಕಳ ವೈದ್ಯರಾದ ಫೋಕ್‌ಮನ್‌ರಿಗೆ ಬಲು ಸಂತೋಷ ತಂದ ಫಲ ಮಕ್ಕಳಲ್ಲೇ ಕಾಣಿಸಿತು. ಡೆನ್ವರ್ ನಗರದ ವೈದ್ಯರ ಬಳಿ, ಶ್ವಾಸಕೋಶದಲ್ಲಿ ರಕ್ತನಾಳಗಳು ಮಿತಿಮೀರಿ ಬೆಳೆದು ಉಸಿರಿಗೆ ಕುತ್ತು ತಂದುಕೊಂಡ ಬಾಲಕನೊಬ್ಬನಿದ್ದನು. ನಾಳಕೋಶಗಳ ಚಲನೆಯನ್ನು ಇಂಟರ್‌ಫೆರಾನ್ ಎಂಬ ವಸ್ತು ತಡೆಯುವುದೆಂದು ಫೋಕ್‌ಮನ್‌ರ ಬಳಗ ಮೊದಲೇ ಕಂಡಿತ್ತು. ಆ ಅರಿವನ್ನು ಆಧರಿಸಿ ಚಿಕಿತ್ಸೆ ನೀಡಿದಾಗ ಬಾಲಕ ಚೇತರಿಸಿಕೊಂಡನು. 1989ರಲ್ಲಿ ಈ ವೃತ್ತಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತನಾಳದ ಬೆಳವಣಿಗೆಯನ್ನು ತಡೆದು ಮನುಷ್ಯನನ್ನು ಗುಣಪಡಿಸಿದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು.

ಕೀರ್ತಿ ಬಂದ ಮೇಲೂ ಫೋಕ್‌ಮನ್‌ರ ನಡೆನುಡಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮ್ಮ ಊಹೆ ತಪ್ಪೆಂದು ಪ್ರಯೋಗ ತೋರಿಸಿದರೆ ಅದನ್ನು ಒಪ್ಪಿ ಬೇರೆ ದಾರಿಯನ್ನು ಹುಡುಕುತ್ತಿದ್ದರು. ಹಟಕ್ಕೂ ಛಲಕ್ಕೂ ಅಂತರವುಂಟು. ಸಾಕ್ಷ್ಯ ಎದುರಿಗಿದ್ದರೂ ಕಣ್ಣುಮುಚ್ಚಿಕೊಳ್ಳುವುದು ಹಟ. ಸಾಕ್ಷ್ಯ ದೊರೆಯುವವರೆಗೂ ಹುಡುಕುವುದನ್ನು ಬಿಡದಿರುವುದು ಛಲ. ಈ ಅಂತರವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಯುವ ಸಂಶೋಧಕರ ಕೈಕೆಲಸ ವಿಫಲವಾದಾಗ ಗದರದೆ, ಸೋಲಿನಲ್ಲಿ ಅಡಗಿರುವ ಪಾಠವನ್ನು ತೋರಿಸಿ ಹುರಿದುಂಬಿಸುತ್ತಿದ್ದರು. ಅವರ ಬಳಿ ಪಳಗಿದವರು ಮುಂದೆ ಹಲವು ಕಡೆ ಪ್ರಯೋಗಶಾಲೆಗಳನ್ನು ಕಟ್ಟಿ ಬೆಳಗಿಸಿದರು.

2008ರ ಜನವರಿ 14ರಂದು ಫೋಕ್‌ಮನ್‌ರು ಕೆನಡದ ವ್ಯಾಂಕೂವರ್ ನಗರದಲ್ಲಿ ನಡೆಯಲಿದ್ದ ಸಭೆಗಾಗಿ ಪ್ರಯಾಣಿಸುತ್ತಿದ್ದರು. ವಿಮಾನ ಬದಲಿಸಲು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೃದಯಾಘಾತದಿಂದ ಕೊನೆಯುಸಿರೆಳೆದರು. ಆಗ ಅವರಿಗೆ 74 ವರ್ಷ ವಯಸ್ಸಾಗಿತ್ತು. ಅವರ ಅರಿವಿನ ನೆರವಿನಿಂದ ಬಾಲಕನೊಬ್ಬ ಉಸಿರು ಪಡೆದ ನಗರದಲ್ಲಿಯೇ ಅವರು ತಮ್ಮ ಉಸಿರನ್ನು ಬಿಟ್ಟರು.

ಇಂದಿನ ಅನೇಕ ವಿದ್ಯಾರ್ಥಿಗಳು ಹುಟ್ಟುವ ಮೊದಲೇ ಅವರ ಬದುಕು ಮುಗಿಯಿತು. ಅವರ ಪ್ರಶ್ನೆ ಮಾತ್ರ ಮುಗಿದಿಲ್ಲ. ರಕ್ತನಾಳಗಳ ಸಂಕೇತಗಳನ್ನು ಕುರಿತು ಅನೇಕ ದೇಶಗಳಲ್ಲಿ ಸಂಶೋಧಕರು ಇಂದೂ ದುಡಿಯುತ್ತಿದ್ದಾರೆ. ತಡೆಯುವ ವಿದ್ಯೆಯಂತೆಯೇ, ರಕ್ತ ಸಾಲದ ಹೃದಯಕ್ಕೂ ಮಾಯದ ಗಾಯಕ್ಕೂ ಹೊಸ ನಾಳಗಳನ್ನು ಬೆಳೆಸುವ ವಿದ್ಯೆಯನ್ನೂ ಅವರು ಅರಸುತ್ತಿದ್ದಾರೆ. ಈಳಿಗೆಮಣೆ ತಾಗಿದ ಬೆರಳು ನಮ್ಮ ಅರಿವಿಗೆ ಬಾರದಂತೆ ತಾನಾಗಿ ಮಾಯುತ್ತದೆ. ಆ ಮೌನದ ಕೆಲಸದಲ್ಲಿ ಒಂದು ಕರೆಯೂ ಅದಕ್ಕೊಂದು ಓಗೊಡುವಿಕೆಯೂ ಇದೆಯೆಂಬುದನ್ನು, ಇತರರು ನಗುತ್ತಿದ್ದಾಗಲೂ ಕಿವಿಗೊಟ್ಟು ಕೇಳಿದವರು ಜೂಡಾ ಫೋಕ್‌ಮನ್.